ದೆಹಲಿಯಿಂದ ಐದೂವರೆ ಗಂಟೆ

ಶಿಡ್ಲಘಟ್ಟ
೧೯-೨-೧೯೬೩

ಪ್ರೀತಿಯ ತಮ್ಮ ಮುನಿವೆಂಕಟಪ್ಪನಿಗೆ ಅಕ್ಕನ ಆಶೀರ್ವಾದ.

ಕ್ಷೇಮವಾಗಿ ದೆಹಲಿ ತಲುಪಿದೆಯಾ? ಅಲ್ಲಿ ಇನ್ನೂ ಚಳಿ ಇರಬೇಕು, ನಿನಗೆ ಮೊದಲೇ ಎದೆ ಕಟ್ಟುತ್ತೆ, ಬಿಸಿನೀರು ಕುಡಿ. ಇಲ್ಲಿ ಎಲ್ಲರ ಆರೋಗ್ಯವೂ ಸರಿಯಾಗಿದೆ. ನನಗೂ ಏನೂ ಆಗಿಲ್ಲ, ನಿಜ ಹೇಳಬೇಕೆಂದರೆ ಏನೂ ಅನ್ನಿಸುತ್ತಲೂ ಇಲ್ಲ. ಚಪ್ಪರ ಬಿಚ್ಚಿ ಗರಿಯನ್ನೆಲ್ಲ ಒಲೆಗೆ ಹಾಕಿದೆ, ಉಳಿದ ಲಾಡು ಬೀದಿಗೆ ಹಂಚಿದೆ. ಕೈ ಮಾಡುತ್ತಾ ಹೋಗುತ್ತೆ, ಅಷ್ಟೇ.

ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಆದರೂ ರತ್ನ ಟೀಚರ್ ಟ್ರೈನಿಂಗ್ ಮುಗಿಸಿ, ‘ಮಾವನಾದ್ರೆ ಆಗ್ತೀನಿ’ ಎಂದು ತಾನೇ ಹೇಳಿದ ಮೇಲೆ ನಾನು ನಿನಗೆ ಬರೆದದ್ದು. ರಜ ನಾಲ್ಕೇ ದಿನ ಎಂದು ನೀನು ವಿಮಾನದಲ್ಲೇ ಬರ್ತೀನಿ ಅಂದೆ. ಬೆಂಗಳೂರಿಗೆ ಸಾವಿರದ ಚಿಲ್ಲರೆ ಮೈಲಿ, ಹೈದರಾಬಾದಿನಲ್ಲಿ ಇಳಿದು ಹತ್ತಿದರೂ ಐದೂವರೆ ಗಂಟೆ ಎಂದು ಬರೆದೆ. ನಿಮ್ಮ ಭಾವ ರೇಷ್ಮೆಗೂಡು ಮಾರುವ ಕಡೆಯೆಲ್ಲ ಅದನ್ನೇ ಹೇಳಿಕೊಂಡು ಬಂದರು, ನೀವು ಚಿಂತಾಮಣಿ ಸಂತೆಗೆ ಹೋಗಿ ಬರೋಷ್ಟರಲ್ಲಿ ನಮ್ಮ ಹುಡುಗ ದೆಹಲಿಯಿಂದ ಇಳೀತಾನೆ ಅಂತ. ಮುಹೂರ್ತದ ಹಿಂದಿನ ದಿನ, ಚಪ್ಪರದ ಬೆಳಿಗ್ಗೆ ಹೊರಟರೆ ಸಾಕೆಂದು ಎಲ್ಲರೂ ಒಪ್ಪಿದೆವು. ಮಂಜು ಬಿದ್ದರೆ ವಿಮಾನ ಏಳುವುದಿಲ್ಲವೆಂದು ನಮಗೆ ಹೇಗೆ ಗೊತ್ತಾಗಬೇಕು ಹೇಳು? ನಂದಿಬೆಟ್ಟದ ಕಡೆ ಎಷ್ಟು ಮಂಜಿದ್ದರೂ ಬಸ್ಸು ದೀಪ ಹಾಕಿಕೊಂಡು ಬರುತ್ತೆ.

ಮುಹೂರ್ತದ ದಿನ ಬೆಳಿಗ್ಗೆ ನಿನ್ನ ತಂತಿ ಬಂತು, ವಿಮಾನ ಹೊರಟಿಲ್ಲವೆಂದು. ಯಾವಾಗ ಹೊರಡುತ್ತೆಂದು ಅದರಲ್ಲಿರಲಿಲ್ಲ. ‘ಅರಿಶಿಣ ಹಚ್ಚಿದ ಹುಡ್ಗೀನ ಹಂಗೇ ಎಬ್ಬಿಸಕ್ಕಾಗಲ್ಲಮ್ಮ’ ಅಂದರು ಹಿರಿಯರು. ಪೆರೇಸಂದ್ರದ ಮುನಿಗಂಗಪ್ಪ, ನಮ್ಮವರ ಪೈಕಿಯೇ, ರೇಷ್ಮೆಹುಳು ಹಣ್ಣಾಗಿವೆ, ಗೂಡು ಕಟ್ಟೋ ಹೊತ್ತು, ಅಕ್ಷತೆ ಹಾಕಿ ಹೊರಡ್ತೀನಿ ಎನ್ನುತ್ತಿದ್ದ. ಅವನನ್ನೇ ಹಿಡಿದು ನಿನಗೆಂದು ತಂದ ಪಂಚೆ ಉಡಿಸಿದರು. ರತ್ನಳನ್ನು ಕೇಳಿದೆ. ‘ನೀವೆಲ್ಲ ಹೆಂಗಂದ್ರೆ ಹಂಗೆ’ ಅಂದಳು, ಮುಖ ಎತ್ತಲಿಲ್ಲ. ಅದೇ ಮುಹೂರ್ತಕ್ಕೆ ತಾಳಿ ಕಟ್ಟಿಸಿದರು.

ಸಂಜೆ ನೀನು ಬಂದೆ. ಭಾವ ಬಾಗಿಲಲ್ಲೇ ಹೇಳಿದರು. ಒಳಗೆ ಬಂದು ಇಬ್ಬರ ಮೇಲೂ ಅಕ್ಷತೆ ಹಾಕಿದೆ, ಅರ್ಧ ಲೋಟ ಮಜ್ಜಿಗೆ ಕುಡಿದೆ, ‘ಬರ್ತೀನಕ್ಕ’ ಅಂದು ಬಸ್ಸು ಹತ್ತಿದೆ. ನಿನಗೆ ಹಾಕಿದ್ದ ಎಲೆಯನ್ನು ನಾನೇ ಎತ್ತಿಟ್ಟೆ. ಈವರೆಗೂ ಅಳು ಬಂದಿಲ್ಲ ಕಣಪ್ಪ, ಬಂದಿದ್ದರೆ ಚೆನ್ನಾಗಿತ್ತು. ಮುನಿಗಂಗಪ್ಪ ಒಳ್ಳೆಯವನೇ, ಮಾರನೆಯ ದಿನವೇ ಹುಳುವಿಗೆಂದು ಊರಿಗೆ ಓಡಿದ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಭಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ಅಕ್ಕ,
ಓಬಳಮ್ಮ

ಬರೆಯಬೇಕಾದ್ದೇ ಬಿಟ್ಟುಹೋಯಿತು. ಯುಗಾದಿ ಕಳೆದ ಮೇಲೆ ರತ್ನಳನ್ನು ಗಂಡನ ಮನೆಗೆ ಕಳಿಸಬೇಕು. ಸೋದರಮಾವ ಮುಂದೆ ನಡೆಯದೆ ನಮ್ಮ ಮನೆಯ ಹೆಣ್ಣು ಹೊಸಿಲು ದಾಟುವುದಿಲ್ಲ, ಅವಳಿಗಿರುವುದು ನೀನೊಬ್ಬ. ಬೇರೆ ಯಾರನ್ನಾದರೂ ನಿಲ್ಲಿಸೋಣ ಅಂದರು ಭಾವ. ‘ಒಂದ್ಸಲ ನಿಲ್ಸಿದ್ದೀರಲ್ಲ, ಸಾಕು. ಮಾವ ಬರೋವರ್ಗೂ ನಾನು ಹೋಗಲ್ಲ’ ಅಂದಳು. ರಜ ಸಿಕ್ಕಾಗ ಬಾರಪ್ಪ. ರೈಲಿನಲ್ಲೇ ಬಾ.