ಎಂಟಕ್ಕಿಂತ ಕೆಳಗಿಳಿಯದ ನೋವು

ಸೋಮವಾರ, ಜೂನ್ 2

ಎಣ್ಣೆ ಬಾಟಲಿ ಬಿಸಿನೀರಿನಲ್ಲಿಟ್ಟೆ. ಉಗುರು ನೋಡಿಕೊಂಡೆ. ಕ್ಯಾನ್ಸರ್ ವಾರ್ಡಿನಿಂದ ನನ್ನ ಮಸಾಜ್ ಕೋಣೆಗೆ ಇವತ್ತು ನಾಲ್ಕು ಜನ. ಒಬ್ಬರಿಗೆ ಪ್ಲೇಟ್‌ಲೆಟ್ ಕಡಿಮೆ — ಒತ್ತುವಂತಿಲ್ಲ. ಪಾದ ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದೆ, ಅಷ್ಟೇ. ಹತ್ತೇ ನಿಮಿಷಕ್ಕೆ ಗೊರಕೆ.

ಕೊನೆಗೆ ಕಂಡಕ್ಟರ್. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತ ಕಾಲು. ಕೀಮೋ ಶುರುವಾದ ಮೇಲೆ ಇರುವೆ ಹರಿದ ಹಾಗೆ ಜುಮುಗುಡುತ್ತದಂತೆ. ಅದಕ್ಕಿಂತ ಹೆಚ್ಚು ಭಯ. ಹೋದ ಸ್ಕ್ಯಾನಿನಿಂದ ಹೆಗಲು ಕಿವಿಯವರೆಗೆ ಏರಿಸಿಕೊಂಡೇ ಇರುತ್ತಾರೆ. ಮಸಾಜ್ ಮುಗಿಯುವಷ್ಟರಲ್ಲಿ ಹೆಗಲು ಇಳಿದಿತ್ತು. ಸಿಸ್ಟರನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಚೀಟಿ ತೆಗೆದು ಕೇಳಿದೆ, ನೋವು ಹತ್ತಕ್ಕೆ ಎಷ್ಟು?

"ಎಂಟು."

"ಮೊದ್ಲೂ ಎಂಟೇ ಅಂದ್ರಲ್ಲ?"

"ಈಗ್ಲೂ ಎಂಟೇ."

ನಾಲ್ಕು ಜನರದೂ ಎಂಟೇ. ಅವರ ಲೆಕ್ಕ ಕೆಟ್ಟಿದೆಯೋ, ನನ್ನ ಕೈಯೇ ಕೆಟ್ಟಿದೆಯೋ?

ಗುರುವಾರ, ಜೂನ್ 5

ದೊಡ್ಡ ಡಾಕ್ಟರು ಕರೆಸಿದರು. ಮೇಜಿನ ಮೇಲೆ ನನ್ನ ಮೂರು ತಿಂಗಳ ಚೀಟಿಗಳ ಕಟ್ಟು.

"ಎಂಟು, ಎಂಟು, ಒಂಬತ್ತು, ಎಂಟು. ಏನಮ್ಮಾ ಇದು? ಹದಿನಾರಕ್ಕೆ ಕಮಿಟಿ ಬರುತ್ತೆ, ಮಸಾಜ್ ಬೇಕಾ ಬೇಡ್ವಾ ನೋಡೋಕೆ. ಆಮೇಲೆ ಆ ರೂಮಲ್ಲಿ ಹಳೇ ಫೈಲ್ ಇಡೋಣ ಅಂತಿದೀವಿ."

ಫೈಲಿಗೆ ನೋವಿಲ್ಲ, ಭಯವಿಲ್ಲ. ಅದಕ್ಕೆ ಕೋಣೆ ಬೇಕಂತೆ! ಬಾಯಿಗೆ ಬಂದದ್ದನ್ನು ನುಂಗಿದೆ. ಪೂರ್ತಿ ನುಂಗಲಿಲ್ಲ.

"ಚೀಟಿ ಬಿಡಿ ಸರ್, ಒಂದ್ಸಲ ಬಂದು ಅವ್ರ ಮುಖ ನೋಡಿ."

"ಮುಖಾನ ರಿಪೋರ್ಟಿಗೆ ಅಂಟಿಸೋಕಾಗುತ್ತಾ?"

ಮನೆಯಲ್ಲಿ ಅಮ್ಮ — "ಅಷ್ಟೆಲ್ಲ ಓದಿ ಕಂಡೋರ ಕಾಲೊತ್ತೋಕೆ ಹೋದೆ. ಈಗ ಅದೂ ಬೇಡ್ವಂತಾ ಅವ್ರಿಗೆ?" ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

ಶುಕ್ರವಾರ, ಜೂನ್ 6

ಗುಟ್ಟು ರಟ್ಟಾಯಿತು. ಪಾದ ನೀವುತ್ತಾ ಕಂಡಕ್ಟರನ್ನು ಕೇಳಿಯೇಬಿಟ್ಟೆ, ನನ್ನ ಕೈಯಿಂದ ನಿಮಗೆ ಏನೂ ಆಗುತ್ತಿಲ್ಲವೇ ಎಂದು.

"ಅಯ್ಯೋ ಹುಚ್ಚಮ್ಮಾ! ನೀನು ಮುಟ್ಟಿದ್ರೆ ನೋವು ಮೂರಕ್ಕಿಳಿಯುತ್ತೆ. ಎದೆ ಢವಢವ ಅನ್ನೋದೂ ನಿಲ್ಲುತ್ತೆ. ಆದ್ರೆ ಮೂರು ಅಂದ್ರೆ ನೋವಿನ ಇಂಜೆಕ್ಷನ್ ಕಟ್. ನಿನ್ ಮಸಾಜು ಸಂಜೆವರೆಗೆ. ಆಮೇಲೆ ಯಾರನ್ನ ಕೂಗ್ಲಿ? ಹೊಸಬ್ರು ಬಂದ್ರೆ ಮೊದ್ಲು ಇದನ್ನೇ ಹೇಳ್ಕೊಡ್ತೀವಿ — ಎಂಟಕ್ಕಿಂತ ಕೆಳಗಿಳೀಬೇಡಿ ಅಂತ."

ಸಿಸ್ಟರನ್ನು ಕೇಳಿದೆ. ಹೌದಂತೆ. ನನ್ನ ಚೀಟಿಯಲ್ಲಿ ಐದಕ್ಕಿಂತ ಕಡಿಮೆ ಬಂದರೆ ಡೋಸ್ ಅರ್ಧ. ನನ್ನದೇ ಚೀಟಿ! ಭಯ ಓಡಿಸಲು ಬಂದವಳು ಮೂರು ತಿಂಗಳಿಂದ ಭಯ ಹಂಚುತ್ತಿದ್ದೇನೆ.

"ಎಲ್ಲಾ ಮೂರು ಅಂತ ತಿದ್ಬಿಡಿ, ರೂಮ್ ಉಳಿಯುತ್ತೆ" ಅಂದರು ಸಿಸ್ಟರ್. ಪಾಪ, ಒಳ್ಳೆಯದಕ್ಕೇ ಹೇಳಿದರು. ಆದರೆ ಕೋಣೆ ಉಳಿದು ಅವರ ಇಂಜೆಕ್ಷನ್ ಹೋದರೆ… ಸಾಧ್ಯವೇ ಇಲ್ಲ.

ಸೋಮವಾರ, ಜೂನ್ 16

ಕಮಿಟಿ ಬಂತು. ನಾಲ್ಕು ಜನ, ನಾಲ್ಕು ಪೆನ್ನು. ಕಂಡಕ್ಟರ ಕಾಲು ನನ್ನ ಮಡಿಲಲ್ಲಿ. ಮಸಾಜ್ ಮುಗಿದ ಮೇಲೆ ದೊಡ್ಡ ಡಾಕ್ಟರೇ ಕೇಳಿದರು, "ಈಗ ಎಷ್ಟು?"

ಕಂಡಕ್ಟರ್ ನನ್ನ ಮುಖ ನೋಡಿದರು.

"ಎರಡು."

ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಪಕ್ಕದ ಹಾಸಿಗೆಯವರು ಅಯ್ಯೋ ಅಂದುಬಿಟ್ಟರು. ದೊಡ್ಡ ಡಾಕ್ಟರಿಗೆ ಖುಷಿ. "ಬರ್ಕೊಳ್ಳಮ್ಮಾ."

ಪೆನ್ನು ಕೆಳಗಿಟ್ಟೆ.

"ಬರೆಯಲ್ಲ ಸರ್. ಬರೆದ್ರೆ ಇವ್ರ ಡೋಸ್ ಅರ್ಧ ಆಗುತ್ತೆ. ಮಸಾಜು ಇಂಜೆಕ್ಷನ್ ಜೊತೆಗೆ ಸರ್, ಅದಕ್ಕೆ ಬದಲಾಗಿ ಅಲ್ಲ. ನನ್ನ ಚೀಟಿ ನೋಡಿ ಡೋಸ್ ಇಳ್ಸಲ್ಲ ಅಂತ ನೀವು ಸೈನ್ ಹಾಕಿ. ಆಮೇಲೆ ಬರೀತೀನಿ."

"ಅಂಕ ಇಲ್ದಿದ್ರೆ ರೂಮು ಹೋಗುತ್ತಮ್ಮಾ."

"ಹೋಗ್ಲಿ ಸರ್."

ಕಂಡಕ್ಟರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಮಿಟಿ ಹೋದ ಮೇಲೆ ಅವರದು ಬೈಗುಳವೋ ಬೈಗುಳ. "ನಿನ್ ರೂಮ್ ಉಳೀಲಿ ಅಂತ ನಾನು ಜೀವ ಗಟ್ಟಿ ಮಾಡ್ಕೊಂಡು ಎರಡು ಅಂದ್ರೆ, ಬರೆಯಲ್ವಂತೆ ಮಹಾರಾಣಿ!" ಬೈಯುತ್ತಲೇ ಕಣ್ಣೊರೆಸಿಕೊಂಡರು.

ಮಂಗಳವಾರ, ಜೂನ್ 17, ಬೆಳಗ್ಗೆ 9.20

ಕೋಣೆಗೆ ಬೀಗ. ನನ್ನ ಬಾಟಲಿ, ಟವೆಲು ಹೊರಗೆ ಸ್ಟೂಲಿನ ಮೇಲೆ. ಕಾರಿಡಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಸಿಸ್ಟರ್ ಒಂದು ಕಾಗದ ತಂದುಕೊಟ್ಟರು. ದೊಡ್ಡ ಡಾಕ್ಟರ ಸೈನ್. ಒಂದೇ ಸಾಲು — ಮಸಾಜಿನ ನಂತರದ ಅಂಕ ನೋಡಿ ಡೋಸ್ ಇಳಿಸಬಾರದು. ಕೋಣೆಯ ಬಗ್ಗೆ ಒಂದಕ್ಷರವಿಲ್ಲ. ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಮಂಜಾಯಿತು.

ಲಿಫ್ಟಿನಿಂದ ವೀಲ್‌ಚೇರು. ಕಂಡಕ್ಟರ್! ಹಿಂದೆ ಇನ್ನೊಬ್ಬರು, ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಮತ್ತೊಬ್ಬರು… ಕಂಡಕ್ಟರ್ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಹಾಕಿಸುತ್ತಿದ್ದಾರೆ. ಬಸ್ಸು ತುಂಬಿಸುವ ಗತ್ತು ಇನ್ನೂ ಹೋಗಿಲ್ಲ.

"ಸಿಸ್ಟರ್ ಕಾಗದ ತೋರ್ಸಿದ್ರು. ಚೀಟಿ ತೆಗಿಯಮ್ಮಾ. ಇವತ್ತಿಂದ ಎಲ್ರೂ ನಿಜ ಹೇಳ್ತೀವಿ. ನಂದು ಈಗ ಒಂಬತ್ತು. ಆಮೇಲಿಂದು ಆಮೇಲೆ ಕೇಳು."

ವಾಚ್‌ಮನ್ ಬರುತ್ತಿದ್ದಾನೆ, ಕುರ್ಚಿ ತೆಗೆಸಲು. ಬರಲಿ. ಎಣ್ಣೆ ಅಂಗೈಯಲ್ಲೇ ಬೆಚ್ಚಗಾಗುತ್ತದೆ. ಮೊದಲು ಈ ಕಾಲು, ಆಮೇಲೆ —