ಜನವರಿಯಲ್ಲಿ ಬರಬೇಡ

ಸಾಂತೊ ಅಮಾರೊ
9 ಅಕ್ಟೋಬರ್ 2022

ನನ್ನ ಜಾಸಿರಾ,

ನಿನ್ನ ಕಾಗದ ಕೈಸೇರಿ ಆರು ದಿನವಾಯಿತು. ಫೋನಿನಲ್ಲಿ ಈ ಮಾತೆತ್ತಿದರೆ ನಾನು ಒಲೆಯ ಮೇಲೆ ಅನ್ನ ಸೀಯುತ್ತಿದೆ ಎಂದು ಫೋನ್ ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ ಬರೆದೆ ಎಂದು ಚುಚ್ಚಿದ್ದೀಯ. ಚುಚ್ಚು, ಪರವಾಗಿಲ್ಲ. ನಿನ್ನ ಮೂಗು ಅಪ್ಪನದು, ನಾಲಗೆ ಮಾತ್ರ ನನ್ನದು.

ಜನವರಿ ಹನ್ನೆರಡಕ್ಕೆ ಲಿಜಿಯಾಳನ್ನು ಕರೆದುಕೊಂಡು ಬರುತ್ತೀ, ಇಲ್ಲಿಂದ ಮರಳುದಿಬ್ಬಗಳನ್ನು ನಡೆದು ದಾಟಿ ಬೈಶಾ ಗ್ರಾಂಡೆಯಲ್ಲಿರುವ ಫಿರ್ಮಿನಾ ಅಜ್ಜಿಯ ಮನೆ ಸೇರುತ್ತೀ ಎಂದು ಬರೆದಿದ್ದೀಯ. ಮಗಳೇ, ಈ ವಸತಿಗೃಹದ ಅಡುಗೆಮನೆಯಲ್ಲಿ ನಿಂತು ಇಪ್ಪತ್ತು ವರ್ಷದಿಂದ ನಾನು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ: "ಮರಳುದಿಬ್ಬದ ಉದ್ಯಾನ ನೋಡೋಕೆ ಯಾವಾಗ ಬಂದ್ರೆ ಚೆನ್ನ?" ಬಂದವರಿಗೆಲ್ಲ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಈಗ ಅಕ್ಟೋಬರಿನಲ್ಲಿ ಕೊಳಗಳು ಒಣಗಿ ಬಿರುಕು ಬಿಟ್ಟಿವೆ. ಗಾಳಿ ಮರಳನ್ನು ಎತ್ತಿ ಕಣಕಾಲಿಗೆ ಸೂಜಿಯ ಹಾಗೆ ಚುಚ್ಚುತ್ತದೆ. ಡಿಸೆಂಬರ್ ಕೊನೆಗೆ ಗಾಳಿ ನಿಂತು ಸೆಕೆ ಕವಿಯುತ್ತದೆ, ಜನವರಿಗೆ ಮಳೆ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಆಕಾಶವೇ ಕೆಳಗಿಳಿದ ಹಾಗೆ ಸುರಿಯುತ್ತದೆ. ಜೂನ್ ಹೊತ್ತಿಗೆ ದಿಬ್ಬಗಳ ನಡುವೆ ನೀರು ತುಂಬಿ ನಿಂತಿರುತ್ತದೆ, ಜುಲೈನಲ್ಲಿ ಆಕಾಶ ತಿಳಿಯಾಗುತ್ತದೆ. ಬರುವುದಾದರೆ ಜುಲೈನಲ್ಲಿ ಬಾ. ಲಿಜಿಯಾಗೆ ಆಗಲೂ ಶಾಲೆಗೆ ರಜೆಯಿರುತ್ತದಲ್ಲ. ಜನವರಿಯಲ್ಲಿ ಕೊಳದಲ್ಲಿ ನೀರೂ ಇಲ್ಲ, ತಲೆಯ ಮೇಲೆ ನೆಮ್ಮದಿಯೂ ಇಲ್ಲ. ಆ ಬಯಲು ಮರಳಿನಲ್ಲಿ ಮರವಿಲ್ಲ, ಮನೆಯಿಲ್ಲ. ಸಿಡಿಲಿಗೆ ಅಲ್ಲಿ ಎತ್ತರವಾಗಿ ಕಾಣುವುದು ನಡೆಯುವ ಮನುಷ್ಯ ಒಬ್ಬನೇ.

ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ಗೊತ್ತು. ಆದರೂ ಬರೆದೆ.

ಬುರಿತಿ ಹಣ್ಣಿನ ಹಲ್ವ ಮಾಡಿಟ್ಟಿದ್ದೇನೆ, ಬಸ್ಸಿನವನ ಕೈಲಿ ಕಳಿಸುತ್ತೇನೆ. ಮಗುವಿಗೆ ಮುತ್ತು.

ನಿನ್ನ ಅಮ್ಮ,
ನೊಯೆಮಿಯಾ

ಮರೆತೆ: ನೀನು ಬರುವ ವಿಷಯ ಫಿರ್ಮಿನಾ ಅತ್ತೆಗೆ ಸದ್ಯಕ್ಕೆ ತಿಳಿಸಬೇಡ.

*

ಬೆಲೆಮ್
2 ನವೆಂಬರ್ 2022

ಅಮ್ಮಾ,

ಹಲ್ವ ಬಂತು. ಲಿಜಿಯಾ ಎರಡೇ ದಿನಕ್ಕೆ ಡಬ್ಬಿ ಕೆರೆದಳು.

ನಿನ್ನ ಕಾಗದ ಓದಿದಾಗ ಯಾರೋ ಪ್ರವಾಸಿಗೆ ಬರೆದದ್ದನ್ನು ತಪ್ಪಿ ನನಗೆ ಕಳಿಸಿದ್ದೀಯ ಅನ್ನಿಸಿತು. ಕೊಳ ನೋಡುವುದಕ್ಕೆ ಬರುತ್ತಿದ್ದೇನೆ ಎಂದು ನಾನೆಲ್ಲಿ ಬರೆದೆ? ಜುಲೈನ ನೀಲಿ ನೀರು ನನಗೆ ಬೇಡ. ಅಪ್ಪ ನಡೆದ ತಿಂಗಳಿನಲ್ಲಿ, ಅಪ್ಪ ನಡೆದ ದಾರಿಯಲ್ಲಿ ನಡೆಯಬೇಕು. ಅದು ಎಂಥ ಮಳೆ, ಬೆಳಗ್ಗೆ ಹೊರಡುವಾಗ ಆಕಾಶ ಹೇಗಿರುತ್ತದೆ, ಅರ್ಧ ದಾರಿಯಲ್ಲಿ ಹಿಂದಿರುಗಬಹುದಿತ್ತೋ ಇಲ್ಲವೋ, ನೋಡಬೇಕು.

ನೀನು ಒಂದು ದಿನವೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ರಜೆಗೆಂದು ನಾನಿದ್ದ ಅಜ್ಜಿಯ ಮನೆಯಂಗಳಕ್ಕೆ ಆವತ್ತು ಮಧ್ಯಾಹ್ನ ನಮ್ಮ ಕತ್ತೆ ಒಂದೇ ಬಂತು. ಬೆನ್ನ ಮೇಲಿದ್ದ ಮರಗೆಣಸಿನ ಹಿಟ್ಟಿನ ಚೀಲ ನೆನೆದು ಅಂಟಾಗಿ ತೊಟ್ಟಿಕ್ಕುತ್ತಿತ್ತು. ನಾನು ನಕ್ಕೆ ಅಮ್ಮಾ. ಅಪ್ಪ ಬೇಲಿ ಹಿಂದೆ ಅಡಗಿ ಕೂತಿದ್ದಾನೆ ಅಂದುಕೊಂಡು, "ಅಪ್ಪಾ, ನೀನು ಕಾಣಿಸ್ತಿದೀಯ, ಬಾ ಈಚೆಗೆ" ಎಂದು ಕೂಗುತ್ತ ಬೇಲಿಯ ಸುತ್ತ ಓಡಿದೆ. ಅಜ್ಜಿ ಮಾತ್ರ ಕತ್ತೆಯ ಕುತ್ತಿಗೆ ಹಿಡಿದು ನಿಂತೇ ಇದ್ದಳು.

ನನ್ನ ಹುಟ್ಟುಹಬ್ಬಕ್ಕೆ ಮನೆಗೆ ಹೋಗಬೇಕು, ಅಪ್ಪ ಬಂದು ಕರೆದುಕೊಂಡು ಹೋಗಲಿ ಎಂದು ಮೀನುಗಾರರ ಕೈಲಿ ಹೇಳಿ ಕಳಿಸಿದವಳು ನಾನು. ಮಳೆ ಹಿಡಿದ ಮೇಲೆ ಬೇಡ ಎಂದು ಅಜ್ಜಿ ಆಡು ಕಾಯುವ ಬಿಬಿಯಾನೊನ ಕೈಲಿ ಹೇಳಿ ಕಳಿಸಿದಳು, ಆದರೆ ಅವನು ಅಪ್ಪ ಹೊರಟ ಮಾರನೆಯ ದಿನ ತಲುಪಿದ. ಒಂದು ದಿನ. ಇಪ್ಪತ್ತೆರಡು ವರ್ಷದಿಂದ ಆ ಒಂದು ದಿನವನ್ನೇ ಎಣಿಸುತ್ತಿದ್ದೇನೆ. ಆಸ್ಪತ್ರೆಯ ಕೆಲಸದಲ್ಲಿ ರೋಗಿಯ ನಾಡಿ ಹಿಡಿದಿರುವಾಗಲೂ ಎಣಿಸುತ್ತೇನೆ. ಲಿಜಿಯಾಗೆ ಈಗ ಒಂಬತ್ತು, ಆವತ್ತಿನ ನನ್ನ ವಯಸ್ಸು. "ಅಮ್ಮಾ, ಬೇಗ ಬಾ" ಎಂದು ಅವಳು ಅಂದರೆ ನಾನು ಮೊದಲು ಕಿಟಕಿಯಾಚೆ ಆಕಾಶ ನೋಡುತ್ತೇನೆ. ಇದನ್ನು ಎಲ್ಲಾದರೂ ಇಳಿಸಬೇಕು.

ಟಿಕೆಟ್ ಆಗಿದೆ. ಮಾರ್ಗದರ್ಶಿಯೂ ಒಪ್ಪಿದ್ದಾನೆ. ನೀನು ಬಂದರೆ ಸಂತೋಷ, ಬರದಿದ್ದರೂ ಹೋಗುತ್ತೇವೆ.

ಜಾಸಿರಾ

*

ಸಾಂತೊ ಅಮಾರೊ
28 ನವೆಂಬರ್ 2022

ಜಾಸಿ, ಕಂದಾ,

ಈ ಕಾಗದವನ್ನು ಒಬ್ಬಳೇ ಇರುವಾಗ ಓದು. ಮಗು ಪಕ್ಕದಲ್ಲಿ ಬೇಡ.

ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ಕಾಲುನೋವು ಎಂದೆ, ಇನ್ನೊಂದರಲ್ಲಿ ಉದ್ಯಾನದ ಕಾವಲುಗಾರರು ಮಳೆಗಾಲದಲ್ಲಿ ಯಾರನ್ನೂ ಬಿಡುವುದಿಲ್ಲ ಎಂದೆ. ಎಲ್ಲ ಸುಳ್ಳು. ನೀನು ಎಣಿಸುತ್ತಿದ್ದೀಯಲ್ಲ, ಆ ಒಂದು ದಿನ, ಅದೇ ಇಲ್ಲ ಮಗಳೇ. ಬಿಬಿಯಾನೊ ತಡವಾಗಿ ಬರಲಿಲ್ಲ. ನಿನ್ನ ಅಪ್ಪ ಹೊರಡುವುದಕ್ಕೆ ಎರಡು ದಿನ ಮುಂಚೆಯೇ ಬಂದಿದ್ದ.

ಆವತ್ತು ನಿನ್ನ ಅಪ್ಪ ಅದೆಮಾರ್ ದೋಣಿ ರಿಪೇರಿಗೆ ಹೋಗಿದ್ದ. ಬಿಬಿಯಾನೊ ಆಡುಗಳನ್ನು ಹೊರಗೆ ಕಟ್ಟಿ ಒಳಗೆ ಬಂದು ಕಾಫಿ ಕುಡಿದ. "ಫಿರ್ಮಿನಾ ಅಜ್ಜಿ ಹೇಳಿ ಕಳ್ಸಿದಾಳೆ. ಮೋಡ ಕೆಟ್ಟದಾಗಿದೆ, ಅದೆಮಾರ್ ಬರೋದು ಬೇಡ್ವಂತೆ. ಮಗು ಆರಾಮಾಗಿದೆ, ಮಳೆ ಕಳೆದ್ಮೇಲೆ ಯಾರ ಜೊತೆಗಾದ್ರೂ ಕಳಿಸ್ತಾಳಂತೆ" ಎಂದ. ಇಷ್ಟೇ. ನಾನು ಆಯಿತು ಎಂದೆ.

ಆಯಿತು ಎಂದವಳು ಅಪ್ಪನಿಗೆ ಹೇಳಲಿಲ್ಲ.

ಯಾಕೆ ಎಂದು ಕೇಳುತ್ತೀ. ಹಿಂದಿನ ವರ್ಷ ನಿನ್ನನ್ನು ಅಲ್ಲೇ ಇರಿಸಿಕೊಂಡು ಅಲ್ಲಿಯ ಶಾಲೆಗೇ ಹಾಕುತ್ತೇನೆ ಎಂದು ಅತ್ತೆ ಹಟ ಹಿಡಿದಿದ್ದಳು. "ನಿನ್ನಮ್ಮನಿಗೆ ಊರವರ ಎಂಜಲು ತಟ್ಟೆ ತೊಳೆಯೋದ್ರಲ್ಲೇ ಹೊತ್ತು ಹೋಗುತ್ತೆ" ಎಂದು ನಿನ್ನ ಮುಂದೆಯೇ ಅಂದಿದ್ದಳು. ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತ್ತು. ಮೋಡ, ಮಳೆ ಎಲ್ಲ ನೆಪ, ಮುದುಕಿ ನನ್ನ ಮಗುವನ್ನು ಬಿಟ್ಟುಕೊಡುವುದಿಲ್ಲ ಅಂದುಕೊಂಡೆ. ಈ ಕಡೆ ಆಕಾಶ ತಿಳಿಯಾಗಿಯೇ ಇತ್ತು, ಅದು ನಿಜ. ಅದರ ಹಿಂದೆ ಅಡಗಿಕೊಳ್ಳುವುದಿಲ್ಲ.

ಹೊರಡುವ ಬೆಳಗ್ಗೆ ಅವನು ಕತ್ತೆಗೆ ಚೀಲ ಕಟ್ಟುತ್ತ, "ಅಮ್ಮ ಏನಾದ್ರೂ ಹೇಳಿ ಕಳ್ಸಿದ್ಲೇನೇ?" ಎಂದು ಕೇಳಿದ. ಅವನಾಗಿಯೇ ಕೇಳಿದ, ಜಾಸಿ. ನಾನು "ಇಲ್ಲ. ಮಗು ದಾರಿ ಕಾಯ್ತಿರುತ್ತೆ, ಹೋಗ್ಬಾ" ಎಂದೆ.

ಮಣ್ಣು ಮಾಡಿದ ದಿನ ನೀನು ನನ್ನ ಲಂಗ ಹಿಡಿದು, "ಬಿಬಿಯಾನೊ ಮಾವ ಬರ್ಲಿಲ್ವಾ?" ಎಂದು ಕೇಳಿದೆ. ಸುತ್ತ ಜನವಿತ್ತು, ಅತ್ತೆ ಎದುರಿಗೇ ನಿಂತಿದ್ದಳು. "ಮಾರನೇ ದಿನ ಬಂದ" ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತು. ಸಂಜೆಯೊಳಗೆ ಎತ್ತಿಕೊಳ್ಳಬಹುದು ಅಂದುಕೊಂಡೆ, ನಾಳೆ ಅಂದುಕೊಂಡೆ. ಬಿಬಿಯಾನೊ ಅದೇ ವಾರ ಚಿನ್ನ ಅಗೆಯಲು ಅಮೆಜಾನಿನ ಕಡೆ ಹೋದವನು ಮತ್ತೆ ಬರಲಿಲ್ಲ, ಹಾಗಾಗಿ ನನ್ನ ಮಾತಿಗೆ ಎದುರು ಮಾತಾಡುವವರು ಯಾರೂ ಉಳಿಯಲಿಲ್ಲ. ಅತ್ತೆ ಇಂದಿಗೂ ಅವನಿಗೆ ಶಾಪ ಹಾಕುತ್ತಾಳೆ. ನೀನು ಆ ವರ್ಷವಿಡೀ ಸರಿಯಾಗಿ ಉಣ್ಣಲಿಲ್ಲ. ನನಗೆ ಕಾಣುತ್ತಿತ್ತು. ಕಂಡೂ ತಟ್ಟೆ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಒಂದೇ ಬೇಡುತ್ತೇನೆ. ನೀನು ಹುಡುಕಿಕೊಂಡು ಬರುತ್ತಿರುವುದು ಆ ಮರಳಿನಲ್ಲಿಲ್ಲ, ಈ ಕಾಗದದಲ್ಲಿದೆ. ನನ್ನ ಮೇಲಿನ ಸಿಟ್ಟಿಗೆ ಆ ಮಗುವನ್ನು ಕರೆದುಕೊಂಡು ಜನವರಿಯಲ್ಲಿ ದಿಬ್ಬ ಹತ್ತಬೇಡ.

ನೊಯೆಮಿಯಾ

ಅಮ್ಮ ಎಂದು ಬರೆಯಲಿಲ್ಲ. ಅದನ್ನು ನೀನೇ ತೀರ್ಮಾನಿಸು.

*

ಸಾಂತೊ ಅಮಾರೊ
16 ಜನವರಿ 2023

ಜಾಸಿರಾ,

ನಿನ್ನ ಉತ್ತರ ಬರಲಿಲ್ಲ. ಫೋನ್ ಹೊಡೆದುಕೊಂಡು ತಾನಾಗಿ ನಿಲ್ಲುತ್ತದೆ. ಮೂರು ದಿನದಿಂದ ಮಳೆ ಹಿಡಿದಿದೆ. ಹನ್ನೆರಡನೇ ತಾರೀಕಿನಿಂದ ದಿನವೂ ಬೆಳಗ್ಗೆ ನಡಿಗೆ ಶುರುವಾಗುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೇನೆ. ಸಿಕ್ಕ ಮಾರ್ಗದರ್ಶಿಯನ್ನೆಲ್ಲ ನಿಲ್ಲಿಸಿ, ಬೆಲೆಮ್‌ನಿಂದ ಬಂದ ಒಬ್ಬ ಹೆಂಗಸು, ಜೊತೆಗೊಂದು ಹೆಣ್ಣುಮಗು, ಕಂಡಿರಾ ಎಂದು ಕೇಳುತ್ತೇನೆ. "ನೊಯೆಮಿಯಾ ಅಕ್ಕಾ, ನಿನ್ನೇನೂ ಇದನ್ನೇ ಕೇಳ್ದೆ. ಈ ಮಳೇಲಿ ಹುಚ್ಚರೂ ಹೋಗಲ್ಲ, ಮನೆಗೆ ಹೋಗು" ಎಂದು ಒಬ್ಬ ಗದರಿದ. ನೀನು ಸಾಂತೊ ಅಮಾರೊಗೆ ಬರದೆ ಆ ಬದಿಯಿಂದ, ಅಟಿನ್ಸ್ ದಾರಿಯಿಂದ ಹೊಕ್ಕಿದ್ದರೆ ನನಗೆ ತಿಳಿಯುವುದು ಹೇಗೆ? ಪ್ರತಿ ಗುಡುಗಿಗೂ ಎದ್ದು ಬಾಗಿಲಿಗೆ ಬರುತ್ತೇನೆ.

ಬೈದಾದರೂ ಎರಡು ಸಾಲು ಬರೆ. ಇದ್ದೇವೆ ಎಂದಷ್ಟೇ ಬರೆ.

*

ಬೆಲೆಮ್
5 ಮಾರ್ಚ್ 2023

ಅಮ್ಮಾ,

ಇದ್ದೇವೆ.

ಜನವರಿಯಲ್ಲಿ ಬರಲಿಲ್ಲ. ಹೊರಡುವ ಹಿಂದಿನ ದಿನ ಟಿಕೆಟ್ ರದ್ದು ಮಾಡಿದೆ, ನಿನಗೆ ಬೇಕೆಂದೇ ತಿಳಿಸಲಿಲ್ಲ. ಬಾಗಿಲಲ್ಲಿ ನಿಂತು ದಾರಿ ಕಾಯುವುದು ಹೇಗಿರುತ್ತದೆ, ನೀನೂ ನೋಡು ಅಂದುಕೊಂಡೆ. ಹದಿನಾರನೇ ತಾರೀಕಿನ ನಿನ್ನ ಕಾಗದ ಓದಿ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ನಾನು ನಿನ್ನ ಮಗಳೇ, ಅನುಮಾನ ಬೇಡ.

ನವೆಂಬರಿನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲು ಸಿಟ್ಟು ಬರಲಿಲ್ಲ, ಮೈ ಹಗುರಾಯಿತು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಸಿಟ್ಟು ಆಮೇಲೆ ಬಂತು, ಇನ್ನೂ ಹೋಗಿಲ್ಲ. ಅಪ್ಪನಿಗೆ ಹೇಳದಿದ್ದದ್ದಕ್ಕಲ್ಲ. ಆಕಾಶ ತಿಳಿಯಾಗಿತ್ತು, ನೀನು ಸಿಡಿಲನ್ನು ಕರೆಯಲಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೆ ಉಣ್ಣದ ಮಗುವಿನ ಮುಂದೆ ತಟ್ಟೆ ಇಟ್ಟು ಒಳಗೆ ಹೋದೆಯಲ್ಲ, ಅದಕ್ಕೆ. ಅದನ್ನು ಹೇಗೆ ಕ್ಷಮಿಸಬೇಕೋ ಗೊತ್ತಿಲ್ಲ. ಕಲಿಯಬೇಕು.

ಜುಲೈ ಎಂಟಕ್ಕೆ ಬರುತ್ತೇವೆ. ಈ ವರ್ಷ ಮಳೆ ಚೆನ್ನಾಗಿದೆ, ಕೊಳಗಳು ತುಂಬುತ್ತವೆ ಎಂದು ಮಾರ್ಗದರ್ಶಿ ಹೇಳಿದ. ಬೆಳಕು ಹರಿಯುವ ಮೊದಲೇ ಹೊರಟು ನಡೆದು ಹೋಗೋಣ, ಜೀಪು ಬೇಡ. ನೀನೂ ಬರಬೇಕು. ಅಜ್ಜಿಗೆ ಎಂಬತ್ತೆಂಟು, ಬಿಬಿಯಾನೊಗೆ ಶಾಪ ಹಾಕುತ್ತಲೇ ಆಕೆ ಸಾಯಬಾರದು. ಅವಳ ಅಂಗಳದಲ್ಲಿ ನಿಂತು ನೀನೇ ಹೇಳಬೇಕು. ನಾನು ಪಕ್ಕದಲ್ಲಿರುತ್ತೇನೆ, ಆದರೆ ನಿನ್ನ ಪರವಾಗಿ ಬಾಯಿ ಬಿಡುವುದಿಲ್ಲ. ಬೈದರೆ ಬೈಸಿಕೋ.

ಲಿಜಿಯಾ ಈಜು ಕಲಿಯುತ್ತಿದ್ದಾಳೆ. ಕೊಳದಲ್ಲಿ ಮೀನು ಎಲ್ಲಿಂದ ಬರುತ್ತವೆ, ಅಜ್ಜಿಯನ್ನು ಕೇಳು ಎನ್ನುತ್ತಾಳೆ. ಉತ್ತರ ಯೋಚಿಸಿಟ್ಟಿರು.

ನಿನ್ನ ಮಗಳು,
ಜಾಸಿರಾ

ಇನ್ನೊಂದು ಮಾತು: ನನ್ನ ಒಂಬತ್ತನೇ ವಯಸ್ಸಿನಿಂದ ಈಚೆಗೆ, ನನ್ನನ್ನು ಕರೆದುಕೊಂಡು ಹೋಗಲು ಬಾ ಎಂದು ನಾನು ಯಾರನ್ನೂ ಕೇಳಿಲ್ಲ. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೂ ಬಸ್ಸಿನಲ್ಲೇ ಬಂದೆ, ಮಗುವನ್ನು ಎದೆಗೆ ಕಟ್ಟಿಕೊಂಡು. ನಮ್ಮ ಬಸ್ಸು ಎಂಟನೇ ತಾರೀಕು ಬೆಳಗ್ಗೆ ಹತ್ತಕ್ಕೆ ಸಾವೊ ಲೂಯಿಸ್ ತಲುಪುತ್ತದೆ. ಬಂದು ಕರೆದುಕೊಂಡು ಹೋಗು.