ಬಾಗಿಲಿಗೊಂದು ಚಿಲಕ ಹಾಕಿಸಿ

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ತಮ್ಮ ಬಂಜೆತನ ನಿವಾರಣಾ ವಿಭಾಗದಲ್ಲಿ ಗಂಡಸರು ವೀರ್ಯದ ಮಾದರಿ ಕೊಡುವ ಕೋಣೆಗೆ ಒಳಚಿಲಕವಿಲ್ಲ. ಕೊರೆಯುವ ಚಳಿಯಲ್ಲಿ ಭ್ರೂಣವನ್ನು ವರ್ಷಗಟ್ಟಲೆ ಕಾಪಾಡಬಲ್ಲ ಸಂಸ್ಥೆಗೆ ಒಂದು ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಡಲು ಆಗುವುದಿಲ್ಲವೇ? ಸಾಲದ್ದಕ್ಕೆ ಪೊರಕೆ, ಬಕೆಟ್ಟುಗಳ ವಾಸವೂ ಅಲ್ಲಿಯೇ. ಸಂತಾನಪ್ರಾಪ್ತಿಗೂ ನೆಲ ಒರೆಸುವುದಕ್ಕೂ ಇರುವ ಸಂಬಂಧವನ್ನು ತಾವೇ ವಿವರಿಸಬೇಕು.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಂಗಡಿಯಲ್ಲಿ ಬನಿಯನ್ ಕೇಳುವಾಗಲೂ ದನಿ ತಗ್ಗಿಸುವ ಮನುಷ್ಯ. ನನ್ನ ಅಂಡಾಣು ತೆಗೆಯುವ ದಿನ, ಜನ ತುಂಬಿದ ವರಾಂಡದಲ್ಲಿ ಅವರ ಕೈಗೊಂದು ಡಬ್ಬಿ ಕೊಟ್ಟು ಆ ಕೋಣೆಗೆ ಕಳಿಸಿದರು. ಅಷ್ಟರಲ್ಲೇ ಪೊರಕೆಗೆಂದು ಬಂದ ಆಯಾ ಬಾಗಿಲು ತೆರೆದರು. ತೆರೆದಷ್ಟೇ ಬೇಗ ಮುಚ್ಚಿದ್ದರೆ ಚೆನ್ನಾಗಿತ್ತು.

“ಅಯ್ಯೋ, ಮೇಷ್ಟ್ರೇ! ನೀವಾ? ನಮ್ಮ ಹುಡುಗ ಈ ಸಲ ಪಾಸಾಗ್ತಾನಾ ಸಾರ್?”

“ಆಗ್ತಾನಮ್ಮಾ, ಬಾಗಿಲು ಹಾಕಿ!”

ಈ ಫಲಿತಾಂಶ ಇಡೀ ವರಾಂಡಕ್ಕೆ ಕೇಳಿಸಿತು. ಗಂಡ ಖಾಲಿ ಡಬ್ಬಿ ಹಿಡಿದು ನನ್ನ ಮಂಚದ ಬಳಿ ಬಂದರು. “ನನ್ನ ಕೈಲಾಗಲ್ಲ ಕಣೆ. ನಡಿ, ಮನೆಗೆ ಹೋಗೋಣ.”

ಹೋಗುವುದೆಲ್ಲಿಗೆ? ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಬೆಳೆಸಿದ ಅಂಡಾಣುಗಳು ನಾಳೆಯವರೆಗೆ ಕಾಯುತ್ತವೆಯೇ? ಆಪರೇಷನ್ ಗೌನಿನಲ್ಲೇ ಮಂಚದಿಂದಿಳಿದು ಹೋಗಿ, ಅವರನ್ನು ಒಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ತಮ್ಮ ಗೌನಿಗೆ ಹಿಂದೆ ಗುಂಡಿಗಳಿಲ್ಲದಿರುವುದೂ ಬೆನ್ನು ಕೊಡಲು ಒಂದು ಕಾರಣ.

ನರ್ಸ್ ಓಡಿ ಬಂದರು. “ಮೇಡಂ, ನೀವು ಹೀಗೆಲ್ಲ ಓಡಾಡೋ ಹಾಗಿಲ್ಲ!”

“ಚಿಲಕ ಹಾಕ್ಸಿ, ಹೋಗಿ ಮಲಗ್ತೀನಿ.”

ಅವರಿಗೆ ನಗು ಬಂತು, ಚಿಲಕ ಬರಲಿಲ್ಲ.

“ನಾನಿದ್ದೀನಿ ರೀ, ಯಾರನ್ನೂ ಬಿಡಲ್ಲ” ಎಂದು ಬಾಗಿಲಿಗೇ ಹೇಳಿದೆ. ಕಡೆಗೂ ಡಬ್ಬಿಯೊಂದಿಗೆ ಹೊರಬಂದ ಗಂಡ ತಲೆ ಎತ್ತಲಿಲ್ಲ. ಸರದಿಯಲ್ಲಿದ್ದ ದಪ್ಪ ಮೀಸೆಯ ಪೊಲೀಸಪ್ಪ ಮೆಲ್ಲಗೆ ಹತ್ತಿರ ಬಂದು, “ಅಕ್ಕಾ, ನನಗೂ ಒಂಚೂರು ನಿಲ್ತೀರಾ?” ಎಂದರು. ನಿಂತೆ.

ಆ ಸಲ ಗರ್ಭ ಕಟ್ಟಲಿಲ್ಲ. ಅದಕ್ಕೆ ಚಿಲಕ ಕಾರಣವಲ್ಲವೆಂದು ವೈದ್ಯರು ಹೇಳಿದರು, ಒಪ್ಪಿದೆ. ಆದರೆ ಮತ್ತೊಮ್ಮೆ ಹೋಗೋಣವೆಂದರೆ ಗಂಡ, “ಚುಚ್ಚಿಸ್ಕೊಳ್ಳೋದು ನೀನು, ಮರ್ಯಾದೆ ಕಳ್ಕೊಳ್ಳೋದು ನಾನು. ಎರಡೂ ಸಾಕು ಕಣೆ” ಎನ್ನುತ್ತಾರೆ. ಇದಕ್ಕೆ ಯಾರು ಕಾರಣ, ಸ್ವಾಮಿ?

ಮಗು ಕೊಡಿ ಎಂದು ತಮ್ಮನ್ನು ಕೇಳುತ್ತಿಲ್ಲ. ಅದು ತಮ್ಮ ಕೈಯಲ್ಲಿಲ್ಲ. ಚಿಲಕ ತಮ್ಮ ಕೈಯಲ್ಲಿದೆ. ಈ ವಾರವೇ ಹಾಕಿಸಿ. ಒಳಗಡೆಗೆ ಹಾಕಿಸಿ, ತಮ್ಮ ವಿಭಾಗವನ್ನು ಬಲ್ಲೆನಾದ್ದರಿಂದ ಇದನ್ನೂ ಬಿಡಿಸಿ ಹೇಳುತ್ತಿದ್ದೇನೆ. ಗಂಡನನ್ನು ಒಪ್ಪಿಸುವ ಕೆಲಸ ನನಗಿರಲಿ.

ಇಂತಿ,
ಇನ್ನೂ ಅಮ್ಮನಾಗದೆ, ತಮ್ಮ ವರಾಂಡದಲ್ಲಿ ಎಲ್ಲರಿಗೂ ಅಕ್ಕನಾದವಳು